ದಿನಾ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ ಅತ್ತೆ

ದಡ್ ದಡ್. ಕಂಡಕ್ಟರು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದರೆ ಹೊರಡು ಅಂತ, ಒಂದು ಸಲ ಬಡಿದರೆ ನಿಲ್ಲು ಅಂತ. ಅರವತ್ತರ ದಶಕದ ಕೊನೆಗೆ, ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಮನೆ ಎದುರಿನ ಸ್ಟಾಪಿನಲ್ಲಿ ಆ ಎರಡು ಬಡಿತ ಕೇಳಿದ ಮೇಲೆಯೇ ನಮ್ಮ ಅತ್ತೆ ಹೊರಗೆ ಬೀಳುತ್ತಿದ್ದಳು. ಅದಕ್ಕೂ ಮುಂಚೆಯೇ ಜಡೆ ಹಾಕಿಕೊಂಡು, ಟಿಫಿನ್ ಡಬ್ಬಿ ಹಿಡಿದು ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಬಸ್ಸು ಹೊರಡಬೇಕು, ಆಮೇಲೆ ಅವಳು ಓಡಬೇಕು. ಅದು ಪ್ಲಾನ್.

ಅತ್ತೆ ಎಂದರೆ ಅಪ್ಪನ ಕೊನೆಯ ತಂಗಿ, ನನಗಿಂತ ತುಸುವೇ ದೊಡ್ಡವಳು. ಅವಳದು ಕಾಲೇಜು, ನನ್ನದು ಕಾನ್ವೆಂಟು. ಕಾಲೇಜಿನ ಡ್ರಿಲ್ ಟೀಚರು ಅವಳು ಓಡುವುದನ್ನು ಒಮ್ಮೆ ನೋಡಿ, ಇಂಟರ್-ಕಾಲೇಜ್ ಸೆಲೆಕ್ಷನ್ನಿಗೆ ಬಾ, ಅಲ್ಲಿಯ ತನಕ ದಿನಾ ಪ್ರಾಕ್ಟೀಸ್ ಮಾಡು ಎಂದಿದ್ದರು. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಹಾಸಿಗೆಯಲ್ಲೂ ಪಾದ ಆಡಿಸುತ್ತಿದ್ದಳು. ಕಪ್ಪು, ಮೆಡಲು ಯಾವುದರ ಆಸೆಯೂ ಇರಲಿಲ್ಲ. "ಬ್ಯಾರೆ ಹುಡುಗ್ಯಾರ ಪಕ್ಕ ನಿಂತು ಓಡಬೇಕಲೇ. ನಾ ಎಷ್ಟು ಜೋರ ಅದೀನಿ ಅಂತ ನನಗ ಗೊತ್ತಾಗಬೇಕು, ಅಷ್ಟ," ಎನ್ನುತ್ತಿದ್ದಳು.

ಪ್ರಾಕ್ಟೀಸ್ ಎಲ್ಲಿ ಮಾಡುವುದು? ದೊಡ್ಡ ಹುಡುಗಿ ರಸ್ತೆಯಲ್ಲಿ ಓಡುವುದೆಂದರೆ ಅಜ್ಜಿಯ ಹತ್ತಿರ ಬಾಯಿ ಬಿಡುವ ಮಾತೇ ಅಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್ ಕಾರಿಡಾರಿನಲ್ಲಿ ನಿಂತು 'ಲೇಡೀಸ್ ಡೋಂಟ್ ರನ್' ಎನ್ನುತ್ತಿದ್ದುದನ್ನೇ ಅಜ್ಜಿ ಅಡುಗೆಮನೆಯಿಂದ ಕನ್ನಡದಲ್ಲಿ ಹೇಳುತ್ತಿದ್ದಳು. ಆದರೆ ಬಸ್ಸು ತಪ್ಪಿದ ಹುಡುಗಿ ಓಡಬಹುದು. ಅದಕ್ಕೆ ಯಾರ ಆಕ್ಷೇಪಣೆಯೂ ಇಲ್ಲ. ಈ ಸಂದು ಕಂಡುಹಿಡಿದವಳು ಅತ್ತೆಯೇ.

ಆ ಬಸ್ಸೂ ಅವಳಿಗೆಂದೇ ಮಾಡಿಸಿದಂತಿತ್ತು. ಮುಂದೆ ಜಟಕಾ, ಪಕ್ಕದಲ್ಲಿ ಹತ್ತಿ ಹೇರಿದ ಚಕ್ಕಡಿ, ಸುತ್ತ ಹಾಲಿನ ಕ್ಯಾನ್ ತೂಗುಹಾಕಿದ ಸೈಕಲ್ಲುಗಳು. ಡ್ರೈವರು ರಬ್ಬರ್ ಹಾರ್ನ್ ಹಿಂಡಿದ್ದೇ ಹಿಂಡಿದ್ದು, ಯಾರೂ ಸರಿಯುತ್ತಿರಲಿಲ್ಲ. ಅತ್ತೆ ಒಂದು ಕೈಯಲ್ಲಿ ಲಂಗ ಎತ್ತಿಹಿಡಿದು ಬರಿಗಾಲಲ್ಲಿ ಓಡುವಳು. ಅವಳ ಪುಸ್ತಕ, ಚಪ್ಪಲಿ ನನ್ನ ಸೈಕಲ್ಲಿನ ಬಾಸ್ಕೆಟ್ಟಿನಲ್ಲಿ. ಕಷ್ಟವೆಂದರೆ ಇನ್ನೊಂದು ಕೈಯದು. ಓಡುವಾಗ ಕೈ ಬೀಸಬೇಕು ಎಂದು ಡ್ರಿಲ್ ಟೀಚರು ಹೇಳಿದ್ದರು, ಆದರೆ ಬಸ್ಸು ತಪ್ಪಿದವಳು ಆ ಕೈಯನ್ನು ಡಬ್ಬಿ ಸಮೇತ ಮೇಲೆತ್ತಿ ನಿಲ್ಲಿಸ್ರಿ ಅನ್ನಬೇಕಲ್ಲ. ಎತ್ತದಿದ್ದರೆ ಜನಕ್ಕೆ ಅನುಮಾನ, ಎತ್ತಿದರೆ ಓಟ ಕೆಡುತ್ತದೆ. ಪ್ರತಿ ತಿರುವಿನಲ್ಲೂ ಅವಳಿಗೆ ಇದೇ ಚಡಪಡಿಕೆ.

ಇದಕ್ಕಿಂತ ದೊಡ್ಡ ಕಾಟ ಜನರ ಒಳ್ಳೆಯತನ. ಹೂ ಮಾರುವಾಕೆ ತೆಲುಗಿನಲ್ಲಿ ಆಪಂಡಿ ಆಪಂಡಿ ಎಂದು ಕೂಗುವಳು, ಜಟಕಾದ ಸಾಬರು ರೋಕೋ ಎಂದು ಚಾವಟಿ ಎತ್ತುವರು, ಸೈಕಲ್ಲಿನವರು ಬಸ್ಸಿಗೆ ಅಡ್ಡ ಹೋಗಿ ನಿಲ್ಲುವರು. ದಡ್, ಒಂದೇ ಬಡಿತ, ಬಸ್ಸು ನಿಂತೇಬಿಡುವುದು. ಇಡೀ ಬೀದಿ ಅವಳು ಹತ್ತುವುದನ್ನೇ ಕಾಯುವುದು. ಅಳು ಬಂದ ಮುಖ ಮಾಡಿಕೊಂಡು ಹತ್ತುತ್ತಿದ್ದಳು. ಹಿಂದೆ ಸೈಕಲ್ ಮೇಲೆ ನಾನು ನಕ್ಕು ನಕ್ಕು ಬೀಳುವ ಹಾಗಾಗುತ್ತಿದ್ದೆ.

ಕೊನೆಗೆ ಅವಳು ಕಂಡಕ್ಟರನನ್ನೇ ಹಿಡಿದಳು. "ಅಣ್ಣಾ, ಯಾರು ಎಷ್ಟರ ಒದರಲಿ, ನನ್ನ ಸಲುವಾಗಿ ನಿಲ್ಲಿಸಬ್ಯಾಡ್ರಿ. ನನಗ ಬಸ್ ಬೇಕಾಗಿಲ್ಲ, ಓಡಾದು ಬೇಕು." ಅವನು ಅವಳನ್ನೂ ನನ್ನನ್ನೂ ನೋಡಿದ. ತಲೆ ಸರಿ ಇದೆಯೋ ಇಲ್ಲವೋ ಎಂದುಕೊಂಡಿರಬೇಕು. ಆದರೂ ಮಾತು ನಡೆಸಿಕೊಟ್ಟ. ಮರುದಿನದಿಂದ ಎರಡೇ ಬಡಿತ. ರೈಲ್ವೆ ಗೇಟಿನ ತನಕ ಅತ್ತೆ ಬಸ್ಸಿನ ಸಮಸಮ ಓಡುವಳು. ಹಿಂದಿನ ಸೀಟಿನವರು ಕಿಟಕಿಯಿಂದ ಇಣುಕಿ ಅಯ್ಯೋ ಪಾಪ ಎನ್ನುವರು. ದಿನದಿಂದ ದಿನಕ್ಕೆ ನಾನು ಪೆಡಲ್ ಇನ್ನೂ ಜೋರಾಗಿ ತುಳಿಯಬೇಕಾಯಿತು.

ಕೆಟ್ಟಿದ್ದು ನಮ್ಮ ಪಕ್ಕದ ಮನೆಯ ರಿಟೈರ್ಡ್ ಮಾಸ್ತರರಿಂದ. ಕೆಟ್ಟವರಲ್ಲ, ವೆರಿ ಡೀಸೆಂಟ್ ಮನುಷ್ಯ. ಹೆಣ್ಣುಮಗಳೊಬ್ಬಳು ದಿನಾ ಬರಿಗಾಲಲ್ಲಿ ಅಟ್ಟಿಸಿಕೊಂಡು ಹೋದರೂ ಬಸ್ಸು ನಿಲ್ಲಿಸುವುದಿಲ್ಲವಲ್ಲ ಎಂದು ಅವರ ಹೊಟ್ಟೆ ಉರಿದಿದೆ. ನಮಗೆ ಒಂದು ಮಾತೂ ಹೇಳದೆ ಕೋಟು ಹಾಕಿಕೊಂಡು ಬಸ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಟ್ಟುಬಂದರು.

ಸೆಲೆಕ್ಷನ್ನಿಗೆ ಇನ್ನು ಒಂದು ವಾರವೂ ಇರಲಿಲ್ಲ. ಸಂಜೆ ಕಂಡಕ್ಟರು ಮನೆಗೇ ಬಂದ. ಖಾಕಿ ಟೋಪಿ ಕೈಯಲ್ಲಿತ್ತು. ಅಜ್ಜಿ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತನ್ನ ಕೆಲಸಕ್ಕೇ ಸಂಚಕಾರ ಬಂದಿದೆ, ದೊಡ್ಡವರು ಒಂದು ಮಾತು ಹೇಳಿ ಉಳಿಸಬೇಕು ಎಂದು ಶುರು ಮಾಡಿದ. ನಿಲ್ಲಿಸಬೇಡ ಎಂದು ಹೇಳಿದ್ದು ಈ ಮನೆಯ ಹುಡುಗಿಯೇ ಎನ್ನುವುದನ್ನೂ ಹೇಳಿದ. ಪಾಪ, ಇನ್ನೇನು ಹೇಳಬೇಕಿತ್ತು ಅವನು.

ಅಜ್ಜಿಯ ಕೈ ನಿಂತಿತು.

"ಬಸ್ಸಿನ ಸಮ ಓಡ್ತಾಳೇನಪ್ಪಾ?" ಎಂದು ಕೇಳಿದಳು.

"ಗೇಟಿನ ಹತ್ರ ನಮಗಿಂತ ಮುಂದ ಇರ್ತಾರ್ರೀ ಅಮ್ಮಾ."

ಅಜ್ಜಿಯ ತುಟಿಯ ತುದಿಯಲ್ಲಿ ಏನೋ ಬಂದು ಹೋಯಿತು. ಹೆಮ್ಮೆ ಎಂದು ನಾನು ಇವತ್ತಿಗೂ ವಾದಿಸುತ್ತೇನೆ, ಕೇಳಲು ಯಾರೂ ಉಳಿದಿಲ್ಲ. ಅವನಿಗೆ ಚಹಾ ಕೊಡಿಸಿದಳು, ಅಪ್ಪನನ್ನು ಅವನ ಜೊತೆ ಬಸ್ ಆಫೀಸಿಗೆ ಕಳಿಸಿದಳು. ಕೆಲಸ ಉಳಿಯಿತು. ಆಮೇಲೆ ಅತ್ತೆಯನ್ನು ಕರೆದು, ಕುರುಗೋಡಿನಲ್ಲಿ ನಿನ್ನ ಅಕ್ಕನಿಗೆ ದಿನ ತುಂಬಿವೆ, ಬಾಣಂತನಕ್ಕೆ ಕೈಯಾಸರೆ ಬೇಕು, ನಾಳೆಯೇ ಹೊರಡು ಎಂದಳು. ಬೈಯಲಿಲ್ಲ. ಬೈದಿದ್ದರೆ ಅತ್ತೆ ಎದುರು ಮಾತಾಡುತ್ತಿದ್ದಳು. ಬಾಣಂತಿಗೆ ಹೇಗೆ ಎದುರಾಡುವುದು?

"ಒಂದ್ ವಾರ ಬಿಟ್ಟು ಹೋಗ್ತೀನವ್ವಾ," ಎಂದಳಷ್ಟೇ.

"ಕೂಸು ನಿನ್ನ ಸಲುವಾಗಿ ಕಾಯ್ತದೇನು?"

ಮರುದಿನ ಅಪ್ಪ ಅವಳನ್ನು ಕುರುಗೋಡಿನ ಬಸ್ಸು ಹತ್ತಿಸಿ ಬಂದರು. ಸೆಲೆಕ್ಷನ್ನಿನ ದಿನ ನಾನು ಸೈಕಲ್ ತೆಗೆದುಕೊಂಡು ಊರೆಲ್ಲ ಸುತ್ತಿದೆ. ಗ್ರೌಂಡಿನ ಕಡೆ ಮಾತ್ರ ಹೋಗಲಿಲ್ಲ. ಕೂಸು ಹುಟ್ಟಿ, ತೊಟ್ಟಿಲಿಗೆ ಹಾಕಿ ಅವಳು ಬರುವ ಹೊತ್ತಿಗೆ ಸಿರುಗುಪ್ಪದ ಸಂಬಂಧ ಕುದುರಿತ್ತು. ಭತ್ತದ ವ್ಯಾಪಾರದ ಮನೆ, ಒಳ್ಳೆಯ ಜನ.

ಈಗ ಕಂಟೋನ್ಮೆಂಟಿನಲ್ಲಿ ಬೆಳಿಗ್ಗೆ ಹುಡುಗಿಯರು ಬೂಟು ಹಾಕಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು, ಯಾವ ಬಸ್ಸಿನ ನೆಪವೂ ಇಲ್ಲದೆ ಓಡುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ನಾನು ಮನೆ ಗೇಟು ಹಿಡಿದು ನಿಂತು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತೇನೆ. ಕಾಲು ಸುಮ್ಮನಿರುವುದಿಲ್ಲ, ಈ ವಯಸ್ಸಿನಲ್ಲಿ, ಸಿಲ್ಲಿ.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಎಂಬತ್ತರ ದಶಕದ ನಡುವೆ, ಸಿರುಗುಪ್ಪದಲ್ಲಿ. ಎರಡು ದಿನ ಇದ್ದು ಹೊರಟಿದ್ದೆ. ಬಸ್ ಸ್ಟ್ಯಾಂಡಿನ ತನಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಸೂಟ್‌ಕೇಸ್ ತಾನೇ ಹಿಡಿದು, ಸೈಕಲ್ಲು, ಭತ್ತದ ಟ್ರ್ಯಾಕ್ಟರುಗಳ ಸಂದಿಯಲ್ಲಿ ಎಷ್ಟು ಜೋರಾಗಿ ನಡೆದಳೆಂದರೆ ನನಗೆ ಏದುಸಿರು. ದಾರಿಯಲ್ಲೇ ಕೇಳಿಬಿಟ್ಟೆ, ಅವತ್ತು ಹೋಗಿದ್ದರೆ ಗೆಲ್ಲುತ್ತಿದ್ದೆಯಾ ಅಂತ.

ಅವಳು ಹೆಜ್ಜೆ ನಿಧಾನ ಮಾಡಲಿಲ್ಲ. "ಯಾರಿಗ್ಗೊತ್ತು. ನಾ ಬಸ್ಸಿನ ಜೊತಿ ಓಡೀನಿ. ಹುಡುಗ್ಯಾರ ಜೊತಿ ಒಂದ್ ದಿನಾನೂ ಓಡಿಲ್ಲ ನೋಡು."

ಬಳ್ಳಾರಿ ಬಸ್ಸು ನಿಂತಿತ್ತು. ಸೂಟ್‌ಕೇಸ್ ಒಳಗಿಟ್ಟು, ಕಿಟಕಿಯ ಸೀಟು ಹಿಡಿದುಕೊಟ್ಟು ಇಳಿದಳು. ಬಸ್ಸು ಬಿಡುವ ತನಕ ಇರು ಎಂದೆ. ನಿಂತುಕೊಳ್ಳಲು ತನಗೆ ಆಗುವುದಿಲ್ಲ ಎಂದಳು. ಕಿಟಕಿಯೊಳಗೆ ಕೈ ಹಾಕಿ ನನ್ನ ಕೆನ್ನೆ ಮುಟ್ಟಿ, ತಿರುಗಿ ಹೊರಟೇಬಿಟ್ಟಳು. ಅಕ್ಕಿ ಗಿರಣಿಯ ಗೋಡೆ ದಾಟಿ ಮರೆಯಾದಾಗ ನಮ್ಮ ಡ್ರೈವರು ಇನ್ನೂ ಚಹಾ ಕುಡಿಯುತ್ತಿದ್ದ.