ಇಂಚು ಟೈಲರ್ ಕಟ್ಟಿದ ಆಂಪ್ಲಿಫೈಯರ್

ನನ್ನ ಹೆಂಡತಿಯ ತಮ್ಮನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ.

ಅವನು ಟೈಲರ್. ಬೀದಿಯ ಕೊನೆಯಲ್ಲಿ, ಬೀಗ ರಿಪೇರಿಯವನ ಮಗ್ಗುಲಲ್ಲಿ ಅವನ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವನು ಹೊರಗೇ ನಿಲ್ಲಬೇಕು. ಹೊಸ ಬಟ್ಟೆ ಹೊಲಿಸುವವರು ಈಗ ಕಡಿಮೆ. ಪ್ಯಾಂಟಿನ ಉದ್ದ ಕತ್ತರಿಸುವುದು, ಸೊಂಟ ಬಿಡಿಸುವುದು, ಜಿಪ್ ಬದಲಾಯಿಸುವುದು, ಇದರಲ್ಲೇ ಅವನ ದಿನ ಕಳೆಯುತ್ತದೆ. ಮೂರು ಸಲ ಅಳೆಯದೆ ಯಾವುದಕ್ಕೂ ಕತ್ತರಿ ಹಾಕುವವನಲ್ಲ. ಹಾಗಾಗಿ ಬೀದಿಯವರು ಅವನಿಗೆ ಇಂಚು ಎಂದು ಹೆಸರಿಟ್ಟಿದ್ದಾರೆ. ಮದುವೆಯಾಗಿಲ್ಲ. ಹುಡುಗಿಯನ್ನೂ ಮೂರು ಸಲ ಅಳೆಯುವಷ್ಟರಲ್ಲಿ ಅವಳು ಬೇರೆಯವನ ಮನೆ ಸೇರಿದಳು ಎಂದು ನಾನು ತಮಾಷೆ ಮಾಡುತ್ತೇನೆ. ಅದಕ್ಕೆ ಎಲ್ಲರಿಗಿಂತ ಮೊದಲು ಅವನೇ ನಗುತ್ತಾನೆ. ನನಗೆ ಅದನ್ನೂ ಸಹಿಸಲಾಗುವುದಿಲ್ಲ.

ನಾನು ರೇಡಿಯೊ ರಿಪೇರಿಯವನು. ಮೂವತ್ತೊಂದು ವರ್ಷದಿಂದ ಇದೇ ಕಸುಬು. ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ವಾಲ್ವುಗಳ ಕಾಲದ ಕೊನೆಯಲ್ಲಿ ಒಬ್ಬ ಮುದುಕನ ಹತ್ತಿರ ಬೈಸಿಕೊಂಡು ಕಲಿತವನು. ಈಗ ವಾಲ್ವ್ ರೇಡಿಯೊ ತರುವವರಿಲ್ಲ; ಚಾರ್ಜರು, ಮಿಕ್ಸಿ, ರಿಮೋಟು ತರುತ್ತಾರೆ. ಆದರೂ ನಮ್ಮ ಕಡೆ ವಾಲ್ವಿನ ಬಗ್ಗೆ ಬಲ್ಲವನು ಯಾರು ಎಂದರೆ ನನ್ನನ್ನೇ ತೋರಿಸಬೇಕು. ಹಾಗಂತ ನಾನು ತಿಳಿದಿದ್ದೆ.

ನನ್ನ ಮಗಳು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ನಾಲ್ಕು ಜನ ಗೆಳತಿಯರ ತಂಡ. ಅವಳಿಗೆ ವಾಲ್ವ್ ಆಂಪ್ಲಿಫೈಯರ್ ಬೇಕೆಂಬ ಹುಚ್ಚು. ಮೆಲ್ಲಗೆ ನುಡಿಸಿದರೆ ದನಿ ಬೆಚ್ಚಗಿರುತ್ತದೆ, ಜೋರಾಗಿ ಎಳೆದರೆ ಹಿತವಾಗಿ ಒಡೆಯುತ್ತದೆ, ಈಗಿನ ಡಬ್ಬಿಗಳಲ್ಲಿ ಅದು ಬರುವುದಿಲ್ಲ ಎನ್ನುತ್ತಾಳೆ. ಅವಳು ಹೇಳುವುದು ಸರಿ. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ, ಅಷ್ಟೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಸುದ್ದಿ ಬಿಟ್ಟಳು. "ಗೊತ್ತಾ ರೀ? ನನ್ನ ತಮ್ಮ ಇವಳಿಗೆ ಆಂಪ್ಲಿಫೈಯರ್ ಕಟ್ತಾ ಇದ್ದಾನಂತೆ. ವಾಲ್ವಿಂದು."

ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. "ಯಾರು, ಇಂಚಾ? ಅವನಿಗೆ ಸೋಲ್ಡರಿಂಗ್ ಐರನ್ನು ಯಾವ ಕಡೆ ಕಾಯುತ್ತೆ ಅಂತಾನಾದ್ರೂ ಗೊತ್ತಾ? ಎಲ್ಲಾ ಬಿಟ್ಟ ಮಗ ಭಂಗಿ ನೆಟ್ಟ ಅಂದಂಗಾಯ್ತು."

"ಮೊದಲ ದಿನ ಗೊತ್ತಿರಲಿಲ್ಲ. ಬೆರಳು ಸುಟ್ಕೊಂಡ," ಎಂದಳು ಮಗಳು. "ಈಗ ಗೊತ್ತು."

"ಮನೇಲಿ ನಾನೊಬ್ಬ ಇದ್ದೀನಲ್ಲ? ನನ್ನನ್ನ ಕೇಳಬೇಕು ಅನಿಸಲಿಲ್ವಾ?"

"ಎರಡು ಸಲ ಕೇಳಿದ್ದೆ ಅಪ್ಪ. ಮೊದಲನೇ ಸಲ ನಕ್ಕುಬಿಟ್ಟೆ ನೀನು. ಎರಡನೇ ಸಲ, ಇರು ನೋಡೋಣ ಅಂದೆ. ಚಿಕ್ಕವಳಿದ್ದಾಗ ನಿನ್ನ ಅಂಗಡೀಲಿ ನಾನೊಂದು ತಂತಿ ಬೆಸೆದಿದ್ದೆ, ನೆನಪಿದೆಯಾ? ನನ್ನ ಕಣ್ಣೆದುರಿಗೇ ಅದನ್ನ ಕರಗಿಸಿ ತೆಗೆದು ನೀನೇ ಮತ್ತೆ ಬೆಸೆದೆ. ಮಾವನ ಹತ್ತಿರ ಹಾಗಿಲ್ಲ. ಇಬ್ಬರಿಗೂ ಏನೂ ಗೊತ್ತಿಲ್ಲ."

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ನಾನು ಎಷ್ಟೋ ಸಲ ಬೇರೆಯವರಿಗೆ ಹೇಳಿ ನಕ್ಕಿದ್ದೇನೆ. ಅವತ್ತು ತಟ್ಟೆಯ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ನಗುವುದಕ್ಕೇನೂ ಇರಲಿಲ್ಲ.

ಆಮೇಲೆ ಭಾನುವಾರ ಬಂದರೆ ನನ್ನ ಕಾಲು ತಾನಾಗಿ ಅವನ ಅಂಗಡಿಯ ಕಡೆ ತಿರುಗುತ್ತಿತ್ತು. ಭಾನುವಾರ ಅವನಿಗೆ ರಜೆ, ಆಂಪ್ಲಿಫೈಯರಿನ ಕೆಲಸವೆಲ್ಲ ಅವತ್ತೇ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಲ್ಯೂಮಿನಿಯಂ ತಗಡಿನ ಪೆಟ್ಟಿಗೆ ಬೋರಲು ಬಿದ್ದಿರುತ್ತಿತ್ತು. ಅದಕ್ಕೆ ತೂತು ಕೊರೆಯುವ ಮೊದಲು ಅವನು ಅಂಗಿಯ ಅಳತೆಗೆ ಮಾಡುವ ಹಾಗೆ ಕಾಗದ ಕತ್ತರಿಸಿ, ವಾಲ್ವ್ ಎಲ್ಲಿ, ಟ್ರಾನ್ಸ್‌ಫಾರ್ಮರ್ ಎಲ್ಲಿ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ತಂತಿಗಳನ್ನು ನೇರವಾಗಿ ಬೆಸೆಯುತ್ತಿರಲಿಲ್ಲ. ಮೊದಲು ಎಲ್ಲವನ್ನೂ ಬರಿಗೈಲಿ ತಿರುಚಿ ಸಿಕ್ಕಿಸಿ, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿ, ನಕ್ಷೆಯ ಜೊತೆ ಹೋಲಿಸಿ ನೋಡುತ್ತಿದ್ದ. ಆಮೇಲೆ ಬೆಸುಗೆ.

"ಕಚ್ಚಾ ಹೊಲಿಗೆ ಭಾವ," ಎಂದ. "ಇದು ಸರಿಯಾಗಿ ಕೂತ್ರೆ ಆಮೇಲೆ ಪಕ್ಕಾ."

"ಇದೇನು ಕೋಟು ಅಂದ್ಕೊಂಡ್ಯಾ?" ಎಂದೆ.

ಮೊದಲ ವಾರದ ಅವನ ಬೆಸುಗೆಗಳನ್ನು ನೋಡಬೇಕಿತ್ತು, ಕಾಗೆ ಹಿಕ್ಕೆ ಹಾಕಿದ ಹಾಗಿದ್ದವು. ನಾನು ಬಾಯ್ತುಂಬ ನಕ್ಕೆ. ಅವನು ಬೇಜಾರು ಮಾಡಿಕೊಳ್ಳದೆ ಅಷ್ಟನ್ನೂ ಕಿತ್ತು ಹಾಕಿದ. "ಬಿಚ್ಚಿ ಹೊಲಿಯೋದೇ ನಮ್ಮ ಕಸುಬಲ್ವಾ ಭಾವ?" ಎಂದ. ಮೂರನೇ ಸಲ ಹಾಕಿದ ಬೆಸುಗೆಗಳು ನುಣ್ಣಗೆ ಹೊಳೆಯುತ್ತಿದ್ದವು. ನನಗೆ ಆ ಹೊಳಪು ಬರಲು ಎರಡು ವರ್ಷ ಬೇಕಾಗಿತ್ತು, ಎಷ್ಟೋ ಕಪಾಳಮೋಕ್ಷ ಬೇಕಾಗಿತ್ತು. ಇವನಿಗೆ ಮೂರು ಭಾನುವಾರ ಸಾಕಾಯಿತು. ಮನೆಗೆ ಬಂದು ಕಾರಣವಿಲ್ಲದೆ ಹೆಂಡತಿಯ ಮೇಲೆ ಹರಿಹಾಯ್ದೆ.

ಎಲ್ಲ ಜೋಡಿಸಿ ಮುಗಿದ ದಿನ ಅವನೇ ನನ್ನ ಅಂಗಡಿಗೆ ಬಂದ. "ಭಾವ, ಇವತ್ತು ಕರೆಂಟ್ ಕೊಡ್ತೀನಿ. ಮಗಳಿಗಿನ್ನೂ ಹೇಳಿಲ್ಲ, ಮೊದಲು ನೀವೊಂದ್ಸಲ ನೋಡಿಬಿಡಿ." ಹೋದೆ. ವಾಲ್ವುಗಳು ನಿಧಾನ ಕೆಂಪಾದವು. ಸ್ವಲ್ಪ ಹೊತ್ತಿಗೆ ಸ್ಪೀಕರು ಬಾಲ ಬಾಗಿಲಿಗೆ ಸಿಕ್ಕ ನಾಯಿಯ ಹಾಗೆ ಊಳಿಡತೊಡಗಿತು. ಅವನು ಗಾಬರಿಯಾಗಿ ಆರಿಸಿದ.

ಅದೇನು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಸ್ಪೀಕರಿಗೆ ಹೋಗುವ ಶಬ್ದದಲ್ಲಿ ಒಂದು ಚೂರನ್ನು ಹಿಂದಕ್ಕೆ ತಂದು ಮುಂದಿನ ಶಬ್ದಕ್ಕೆ ಕಡಿವಾಣ ಹಾಕುವ ತಂತಿಯೊಂದು ಇರುತ್ತದೆ. ದೊಡ್ಡ ವಾಲ್ವುಗಳಿಗೆ ಹೋಗುವ ಟ್ರಾನ್ಸ್‌ಫಾರ್ಮರಿನ ಎರಡು ತಂತಿ ಅದಲುಬದಲಾದರೆ ಆ ಕಡಿವಾಣವೇ ಚಾಟಿಯಾಗಿ ಶಬ್ದ ತನ್ನಷ್ಟಕ್ಕೆ ಕಿರುಚುತ್ತದೆ. ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೆ. ಎರಡು ತಂತಿ ಕಿತ್ತು ಆಚೀಚೆ ಹಾಕಿದರೆ ಮುಗಿಯಿತು, ಎರಡು ನಿಮಿಷದ ಕೆಲಸ.

"ಏನಿರಬಹುದು ಭಾವ?" ಎಂದು ಅವನು ನನ್ನ ಮುಖವನ್ನೇ ನೋಡಿದ.

"ಏನೋ ಇರುತ್ತೆ, ಹುಡುಕು," ಎಂದೆ. "ವಾಲ್ವ್ ಅಂದ್ರೆ ಗುಂಡಿ ಹಚ್ಚಿದಷ್ಟು ಸುಲಭ ಅಲ್ಲ."

ಮನೆಗೆ ಬಂದಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಎರಡು ಸಲ ಅನ್ನ ಹಾಕಿಸಿಕೊಂಡೆ. ಅವನು ಸೋತು ಕೈಚೆಲ್ಲಬೇಕು, ಮಗಳು ನನ್ನ ಹತ್ತಿರ ಬಂದು ಅಪ್ಪ ನೀನೇ ಮಾಡಿಕೊಡು ಎನ್ನಬೇಕು, ಆಗ ಆ ಎರಡು ನಿಮಿಷದ ಕೆಲಸ ಮಾಡಿ ತೋರಿಸಬೇಕು ಎಂದು ಲೆಕ್ಕ ಹಾಕಿದೆ.

ಅವಳು ಬರಲೇ ಇಲ್ಲ. ಮಾವನ ಜೊತೆ ಕೂತು ಅವಳೂ ಹುಡುಕಲು ಶುರುಮಾಡಿದಳು. ಮೂರು ವಾರ ಹುಡುಕಿದರು. ಅವಳ ತಂಡದ ಕಾರ್ಯಕ್ರಮ ಹತ್ತಿರ ಬಂದಿತ್ತು. ಸಭಾಂಗಣ ಗೊತ್ತುಮಾಡಿಯಾಗಿತ್ತು, ಪೋಸ್ಟರ್ ಅಂಟಿಸಿಯಾಗಿತ್ತು. ಮನೆಯಲ್ಲಿ ಅವಳು ಮಾತು ಕಡಿಮೆ ಮಾಡಿದಳು. ನಾನೂ ಹಟ ಹಿಡಿದು ಕೂತೆ.

ಕಾರ್ಯಕ್ರಮಕ್ಕೆ ಒಂದು ವಾರ ಇರುವಾಗ, ಭಾನುವಾರ ಬೆಳಗ್ಗೆ, ತಮಾಷೆ ನೋಡೋಣವೆಂದು ಅವನ ಅಂಗಡಿಗೆ ಹೋದೆ. ಅವನೊಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ವಾಲ್ವುಗಳನ್ನೆಲ್ಲ ಕಿತ್ತು ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ. ಕರೆಂಟ್ ಕೊಟ್ಟು, ಮೀಟರಿನಲ್ಲಿ ಏನೋ ಅಳೆದು, ಬರೆದುಕೊಂಡು, ಸ್ವಿಚ್ ಆರಿಸಿ ಪ್ಲಗ್ಗನ್ನೂ ಕಿತ್ತ.

ನನ್ನ ಕಣ್ಣು ಮೇಜಿನ ಮೇಲಿದ್ದ ಗುಂಡಿ ಡಬ್ಬಿಯ ಮೇಲೆ ಬಿತ್ತು. ಬಿಳಿ ಗುಂಡಿಗಳ ನಡುವೆ ಒಂದು ದಪ್ಪ ರೆಸಿಸ್ಟರ್ ಇತ್ತು. "ಇದ್ಯಾಕೆ ಇಲ್ಲಿ?" ಎಂದೆ.

"ಅದು ಶಬ್ದಕ್ಕೆ ಏನೂ ಮಾಡಲ್ಲ ಭಾವ. ಸುಮ್ನೆ ಕಂಡೆನ್ಸರ್ ಮೇಲೆ ಅಡ್ಡ ಕೂತಿತ್ತು. ಕಚ್ಚಾ ಹೊಲಿಗೆ ಥರ ಏನೋ ಇರಬೇಕು, ತೆಗೀದೆ ಉಳಿದಿದೆ ಅಂದ್ಕೊಂಡು ತೆಗೆದೆ. ಊಳಿಡೋದು ನಿಲ್ಲುತ್ತೇನೋ ಅಂತ."

ಟೈಲರ್ ಅಲ್ಲದೆ ಬೇರೆ ಯಾರೂ ಮಾಡದ ತಪ್ಪು ಅದು. ಆ ರೆಸಿಸ್ಟರ್ ಇರುವುದೇ ಕರೆಂಟ್ ಹೋದ ಮೇಲೆ ದೊಡ್ಡ ಕಂಡೆನ್ಸರಿನಲ್ಲಿ ಉಳಿಯುವ ವಿದ್ಯುತ್ತನ್ನು ಖಾಲಿ ಮಾಡುವುದಕ್ಕೆ. ಅದಿಲ್ಲ, ಕುಡಿದು ಮುಗಿಸಲು ವಾಲ್ವುಗಳೂ ಇಲ್ಲ. ಪ್ಲಗ್ ಕಿತ್ತಿದ್ದರೂ ಆ ಪೆಟ್ಟಿಗೆಯೊಳಗೆ ನಾನೂರು ವೋಲ್ಟು ಹಾಗೇ ಕೂತಿತ್ತು. ನಾವು ರಿಪೇರಿಯವರು ಇಂಥದ್ದಕ್ಕೆ ಒಂದೇ ಕೈ ಹಾಕುತ್ತೇವೆ, ಇನ್ನೊಂದು ಜೇಬಿನಲ್ಲಿರುತ್ತದೆ. ಎರಡೂ ಕೈ ಹಾಕಿದರೆ ಏಟು ಎದೆಯ ಮೂಲಕ ಹೋಗುತ್ತದೆ. ಟೈಲರ್ ಹುಟ್ಟಿದಾಗಿನಿಂದ ಎರಡು ಕೈಯಲ್ಲಿ ಕೆಲಸ ಮಾಡುವವನು, ಒಂದರಲ್ಲಿ ಬಟ್ಟೆ, ಒಂದರಲ್ಲಿ ಸೂಜಿ. ಅವನು ಎಡಗೈಯಲ್ಲಿ ತಗಡನ್ನು ಒತ್ತಿ ಹಿಡಿದು ಬಲಗೈಯನ್ನು ಒಳಗೆ ಇಳಿಸತೊಡಗಿದ.

ಒಂದು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಆ ಒಂದು ಉಸಿರಿನಲ್ಲಿ ನನ್ನೊಳಗೆ ಏನಿತ್ತು ಎಂದು ಯಾರೂ ಕೇಳಿಲ್ಲ, ಕೇಳಿದರೆ ಹೇಳುವ ಧೈರ್ಯವೂ ನನಗಿಲ್ಲ.

ಆಮೇಲೆ ಕೈಗೆ ಸಿಕ್ಕಿದ, ಬಟ್ಟೆ ಅಳೆಯುವ ಮರದ ಸ್ಕೇಲನ್ನು ಎತ್ತಿ ಅವನ ಬಲಗೈಗೆ ಬಾರಿಸಿದೆ. ಪಟೀರೆಂದಿತು. ಅವನು "ಅಯ್ಯೋ!" ಎಂದು ಹಿಂದಕ್ಕೆ ಬಿದ್ದ. ಅದೇ ಹೊತ್ತಿಗೆ ಗಿಟಾರ್ ಹೆಗಲಿಗೆ ಹಾಕಿಕೊಂಡು ಮಗಳು ಬಾಗಿಲಿಗೆ ಬಂದಿದ್ದಳು.

"ಅಪ್ಪ! ಮಾವನಿಗೆ ಹೊಡೀತಿದ್ದೀಯಾ? ಇಷ್ಟೊಂದು ಹೊಟ್ಟೆಕಿಚ್ಚಾ ನಿನಗೆ?"

ನಾನು ಮರದ ಹಿಡಿಯ ಸ್ಕ್ರೂಡ್ರೈವರ್ ತೆಗೆದು, ಒಂದು ಕೈ ಜೇಬಿನಲ್ಲಿಟ್ಟು, ಕಂಡೆನ್ಸರಿನ ಎರಡೂ ಕಾಲಿಗೆ ಅಡ್ಡ ಹಿಡಿದೆ. ಢಂ ಎಂದು ನೀಲಿ ಕಿಡಿ ಹಾರಿತು. ಸ್ಕ್ರೂಡ್ರೈವರಿನ ತುದಿ ಕರಗಿ ಗುಳಿ ಬಿದ್ದಿತ್ತು. ಅದನ್ನು ಇಬ್ಬರಿಗೂ ತೋರಿಸಿದೆ.

ಇಂಚು ತನ್ನ ಬೆರಳುಗಳನ್ನೇ ನೋಡುತ್ತ ಸ್ಟೂಲಿನ ಮೇಲೆ ಕುಸಿದ. ಮಗಳು ಗಿಟಾರನ್ನು ಕೆಳಗಿಟ್ಟಳು. ನಾನೇ ಐರನ್ ಕಾಯಿಸಿ ಮೊದಲು ಆ ರೆಸಿಸ್ಟರನ್ನು ಅದರ ಜಾಗದಲ್ಲಿ ಕೂರಿಸಿದೆ. ಆಮೇಲೆ ಕೆಂಪು ದಾರದ ತಂತಿ, ನೀಲಿ ದಾರದ ತಂತಿ ಎರಡನ್ನೂ ಕಿತ್ತು ಆಚೀಚೆ ಮಾಡಿದೆ. ವಾಲ್ವುಗಳನ್ನು ಸಿಕ್ಕಿಸಿ, "ನುಡಿಸು," ಎಂದೆ.

ಅವಳು ನುಡಿಸಿದಳು. ಊಳು ಇರಲಿಲ್ಲ. ಮೆಲ್ಲಗೆ ಮೀಟಿದಾಗ ಬೆಚ್ಚಗಿತ್ತು, ಜೋರಾಗಿ ಎಳೆದಾಗ ಅವಳು ಹೇಳುತ್ತಿದ್ದ ಹಾಗೇ ಹಿತವಾಗಿ ಒಡೆಯಿತು. ಕಟ್ಟಿದ್ದು ಅವನು. ನನ್ನ ಮೂವತ್ತೊಂದು ವರ್ಷದಲ್ಲಿ ನಾನು ಏನನ್ನೂ ಮೊದಲಿನಿಂದ ಕಟ್ಟಿಲ್ಲ, ಬೇರೆಯವರು ಕಟ್ಟಿದ್ದನ್ನು ಸರಿಮಾಡಿದ್ದೇನೆ. ಕಣ್ಣಲ್ಲಿ ನೀರು ಬಂತು. ಸೋಲ್ಡರ್ ಹೊಗೆ ಎಂದುಕೊಳ್ಳಲಿ ಎಂದು ಮುಖ ತಿರುಗಿಸಿದೆ.

ಮಗಳು ಗಿಟಾರ್ ಬಿಟ್ಟು ಬಂದು ನನ್ನ ಕುತ್ತಿಗೆಗೆ ಕೈ ಹಾಕಿ ತಬ್ಬಿಕೊಂಡಳು. ಹತ್ತು ವರ್ಷದಿಂದ ಅವಳು ಹಾಗೆ ಮಾಡಿರಲಿಲ್ಲ. "ನೀನು ಬರದೇ ಇದ್ದಿದ್ರೆ ಮಾವ ಇವತ್ತು ಇರ್ತಾನೇ ಇರಲಿಲ್ಲ ಅಪ್ಪ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಮೊದಲ ದಿನಾನೇ ಅಪ್ಪನ್ನ ಕರೀಬೇಕಿತ್ತು ಮಾವ. ನೋಡು, ಎರಡು ನಿಮಿಷ ಹಿಡೀಲಿಲ್ಲ. ನಾವು ಮೂರು ವಾರ ಒದ್ದಾಡಿದ್ವಿ."

ಅವನು ತಲೆ ಎತ್ತಿ ನನ್ನನ್ನು ನೋಡಿದ. ಮೊದಲ ದಿನ ಅವನು ನನ್ನನ್ನು ಕರೆದಿದ್ದ, ನಾನು ಬಂದಿದ್ದೆ, ಇದೇ ಮೇಜಿನ ಎದುರು ನಿಂತು ಆ ಊಳನ್ನು ಕೇಳಿಸಿಕೊಂಡಿದ್ದೆ. ಅವನ ನೋಟ ನೋಡಿದರೆ, ಅವತ್ತು ನನಗೆ ಗೊತ್ತಾಗಿತ್ತು ಎನ್ನುವುದು ಅವನಿಗೂ ಗೊತ್ತಿತ್ತು.

"ಹೌದು ಪುಟ್ಟಿ," ಎಂದ, ಸ್ಕೇಲಿನ ಬರೆ ಎದ್ದ ಕೈ ತಿಕ್ಕಿಕೊಳ್ಳುತ್ತ. "ಕರೀಬೇಕಿತ್ತು. ನನ್ನದೇ ತಪ್ಪು."

ನಾನು ಬಾಯಿ ತೆರೆಯಲಿಲ್ಲ. ಅವಳ ಕೈ ಇನ್ನೂ ನನ್ನ ಕುತ್ತಿಗೆಯ ಸುತ್ತ ಇತ್ತು, ನಿಜ ಹೇಳಿದರೆ ತೆಗೆದುಬಿಡುತ್ತಾಳೆ. ಆಂಪ್ಲಿಫೈಯರ್ ಕಟ್ಟಿದ್ದಕ್ಕೆ ಅವನ ಮೇಲಿದ್ದ ಹೊಟ್ಟೆಕಿಚ್ಚು ಅವತ್ತಿಗೇ ಆರಿಹೋಯಿತು. ತಪ್ಪು ತನ್ನದೇ ಎಂದು ಅವನು ಆಡಿದ ಆ ಮಾತಿಗೆ ಹತ್ತಿದ್ದು ಇನ್ನೂ ಉರಿಯುತ್ತಲೇ ಇದೆ.