ಓರಗಿತ್ತಿಯ ಐದು ಹೊಳಪು

ನನ್ನ ಓರಗಿತ್ತಿ ನಂಜಮ್ಮ ಒಲೆಯ ಮುಂದೆ ಕೂತು ಕೆಂಡದ ಜೊತೆ ಮಾತಾಡುತ್ತಿದ್ದಳು. ಹೊಣಕೆರೆಯಿಂದ ಹೊರಟ ನಮ್ಮ ಗಾಡಿ ಹಿರೋಡೆ ದಾಟಿ, ಹೊಳೆ ದಾಟಿ, ಶ್ರೀರಂಗಪಟ್ಟಣದ ಗಂಜಾಮಿಗೆ ಬಂದು ನಿಂತ ಸಂಜೆ ನಾನು ಕಂಡ ಮೊದಲ ನೋಟ ಅದು. ಕೆಂಡಕ್ಕೆ ‘ಗ್ಲೋ’ ಅಂದಳು. ದೀಪದ ಕುಡಿಗೆ ‘ಗ್ಲಿಮ್ಮರ್’ ಅಂದಳು. ಯಾವುದೋ ಗಾಳಿ ಮೆಟ್ಟಿಕೊಂಡಿದೆ ಎಂದುಕೊಂಡು ನಾನು ಹೊಸ್ತಿಲಲ್ಲೇ ನಿಂತು ನಮ್ಮೂರ ದೇವತೆ ತಾಯಿ ಕಾಳಮ್ಮನನ್ನು ನೆನೆದೆ.

“ಗಾಳಿನೂ ಇಲ್ಲ, ದೆವ್ವನೂ ಇಲ್ಲ. ಬಾ ಒಳಕ್ಕೆ. ಇದು ಇಂಗರೇಜಿ ಕಣಕ್ಕ,” ಅಂತ ನಕ್ಕಳು.

ನಮ್ಮದು ಅಕ್ಕಸಾಲಿ ಕಸುಬು. ನನ್ನ ಮೈದುನನೂ ನಂಜಮ್ಮನೂ ನಮಗಿಂತ ಮೊದಲೇ ಪಟ್ಟಣ ಸೇರಿದವರು. ದೊರೆತನ ಬದಲಾದ ಮೇಲೆ ಇಲ್ಲಿ ಒಡವೆ ಮಾಡಿಸುವವರು ಬಿಳಿಯ ದೊರೆಗಳ ಹೆಂಡಂದಿರು. ದೊರೆಸಾನಿಯರ ಒಳಮನೆಗೆ ಗಂಡಸರು ಹೋಗುವಂತಿಲ್ಲ. ಅಕ್ಕಸಾಲಿ ಮಾಡಿದ್ದನ್ನು ಅವನ ಹೆಂಡತಿ ಒಯ್ದು, ಅದು ಎಂಥದ್ದೆಂದು ಹೇಳಿ ಒಪ್ಪಿಸಬೇಕು. ಹಾಗಾಗಿ ಇಲ್ಲಿ ಕೈಯ ಕೆಲಸದಷ್ಟೇ ನಾಲಗೆಯ ಕೆಲಸವೂ ಇದೆ. ನಮ್ಮವರು ಮನೆಗೆ ಹಿರಿಯರಾದರೂ ತಮ್ಮನ ಅಗ್ಗಿಷ್ಟಿಕೆಯ ಮುಂದೆ ಕೂತು ಕೆಲಸ ಮಾಡಬೇಕಾಯಿತು. ಅವರದೇ ಒಂದು ಒಡವೆಯನ್ನು ದೊರೆಸಾನಿ ಮೆಚ್ಚಿದರೆ ಬೇರೆ ಅಗ್ಗಿಷ್ಟಿಕೆ ಹಾಕಬಹುದು. ಇಲ್ಲದಿದ್ದರೆ ಕೊನೆಯವರೆಗೂ ತಮ್ಮನ ಕೈಕೆಳಗೆ.

ತಾಯಿ ಕಾಳಮ್ಮ ಏನೂ ಕೊಟ್ಟಿಲ್ಲವೆಂದು ನಾನು ಹೇಳಲಾರೆ. ಅಲ್ಲಿ ಹೊಣಕೆರೆಯಲ್ಲಿ ಬೇಸಿಗೆಗೆ ಕೆರೆ ಒಣಗಿದರೆ ಬಾವಿಯ ಮುಂದೆ ಕೊಡ ಇಟ್ಟು ಕಾಯುತ್ತಿದ್ದೆವು. ಇಲ್ಲಿ ಎತ್ತ ತಿರುಗಿದರೂ ಕಾವೇರಿ. ಅಲ್ಲಿ ಹಬ್ಬಕ್ಕೆ ಅನ್ನ, ಇಲ್ಲಿ ದಿನಾ ಅನ್ನ. ಆದರೂ ಮುದ್ದೆ ಇಲ್ಲದ ಊಟ ನನಗೆ ಊಟ ಅನ್ನಿಸುವುದಿಲ್ಲ. ಅಲ್ಲಿ ಹಟ್ಟಿಯ ಮುಂದೆ ಕೂತರೆ ದಾರಿಯಲ್ಲಿ ಹೋಗುವವರೆಲ್ಲ ಮಾತಾಡಿಸುತ್ತಿದ್ದರು. ಇಲ್ಲಿ ನನ್ನನ್ನು ಮಾತಾಡಿಸುವವಳು ನಂಜಮ್ಮ ಒಬ್ಬಳೇ, ನನಗೆ ಬೇಡವಾದವಳೂ ಅವಳೇ.

ಅವಳು ಮಾತು ಕಲಿತ ರೀತಿ ಹೀಗೆ. ದೊರೆಸಾನಿ ಒಂದೊಂದೇ ಮಾತು ಹೇಳಿಕೊಟ್ಟರೆ ಸಂಜೆಯೊಳಗೆ ಮರೆತುಹೋಗುತ್ತಿತ್ತಂತೆ. ಆಮೇಲೆ ಒಂದೇ ಜಾತಿಯ ಮಾತುಗಳನ್ನು ಚಿನ್ನದ ಗುಂಡಿನ ಸರದ ಹಾಗೆ ಪೋಣಿಸಿಕೊಂಡಳು. ಹೊಳಪಿಗೆ ಐದು: ಗ್ಲೋ, ಗ್ಲಿಮ್ಮರ್, ಗ್ಲಿಟ್ಟರ್, ಗ್ಲೀಮ್, ಗ್ಲೇರ್. ಒಂದನ್ನು ಎಳೆದರೆ ಉಳಿದ ನಾಲ್ಕೂ ಬರುತ್ತವೆ. ನಡಿಗೆಗೆ ಬೇರೆ ಸರ, ಅಳುವಿಗೆ ಬೇರೆ ಸರ.

“ನಂಜಮ್ಮನ ತಲೆ ನೋಡು, ಎಂಗೆ ಓಡ್ತದೆ!” ಅಂದರು ನಮ್ಮವರು, ನಾನು ಬಡಿಸುತ್ತಿರುವಾಗಲೇ. ಮರುದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ನನಗೂ ಹಟ ಬಂತು. ನಂಜಮ್ಮ ಆಚೆ ಒಂದೊಂದು ವಸ್ತುವಿಗೂ ಒಂದೊಂದು ಮಾತು ಹೇಳಿಕೊಳ್ಳುವಾಗ ನಡುಗೋಡೆಗೆ ಕಿವಿ ಕೊಟ್ಟು ಕಲಿತೆ. ಮೊದಮೊದಲು ಐದೂ ಒಂದೇ ತರ ಕೇಳಿಸಿದವು. ಆಮೇಲೆ ಹೊಳೆಯಿತು, ಇವೆಲ್ಲ ನಮ್ಮಲ್ಲೂ ಇವೆ! ಕೆಂಡದ ನಿಗಿನಿಗಿ ಗ್ಲೋ. ಸೊಡರಿನ ಮಿಣಿಮಿಣಿ ಗ್ಲಿಮ್ಮರ್. ಹೊಳೆಯ ನೀರಿನ ಥಳಥಳ ಗ್ಲಿಟ್ಟರ್. ಬೆಳಗಿದ ಚೊಂಬಿನ ಮಿರಮಿರ ಗ್ಲೀಮ್. ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತದಲ್ಲ, ಅದು ಗ್ಲೇರ್. ನಂಜಮ್ಮನಿಗೆ ದೊರೆಸಾನಿ ಬೇಕಾಯಿತು, ನನಗೆ ನನ್ನ ಅಡುಗೆಮನೆ ಸಾಕಾಯಿತು ಎಂದು ಒಳಗೊಳಗೇ ಬೀಗಿದೆ.

ನಮ್ಮವರು ತಮ್ಮದೇ ಕೈಯ ಮೊದಲ ಗುಂಡಿನ ಸರ ಮುಗಿಸಿದಾಗ, “ನಾನೇ ಒಯ್ಯೋದು,” ಅಂದೆ.

“ಮಾತು ಬತ್ತದೇನಕ್ಕ ನಿಂಗೆ?” ಅಂದಳು ನಂಜಮ್ಮ.

“ಬತ್ತದೋ ಬರಾಕಿಲ್ವೋ, ಬಂದು ನೋಡು. ಬಾಯಿ ಮಾತ್ರ ತೆಗೀಬ್ಯಾಡ.”

ದೊರೆಸಾನಿ ಕಿಟಕಿಯ ಬಳಿ ಕೂತಿದ್ದಳು. ನಾನು ಸರ ಮುಂದಿಟ್ಟೆ. ನಮ್ಮ ಕಡೆ ಒಡವೆ ಕಣ್ಣು ಕುಕ್ಕುವ ಹಾಗಿದೆ ಅಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ತಾಯಿಯನ್ನು ನೆನೆದು ಗಟ್ಟಿಯಾಗಿ, “ಗ್ಲೇರ್!” ಅಂದೆ.

ಅವಳು ಹುಬ್ಬು ಗಂಟಿಕ್ಕಿದಳು. ಸರವನ್ನು ಬೆಳಕಿಗೆ ಹಿಡಿದು ನೋಡಿದಳು, ತಲೆ ಅಲ್ಲಾಡಿಸಿ ಬಟ್ಟೆಯ ಮೇಲೆ ಇಟ್ಟುಬಿಟ್ಟಳು. ನಾನು ಇನ್ನೂ ಜೋರಾಗಿ ಗ್ಲೇರ್ ಅಂದೆ. ಆಗ ಅವಳು ನನಗೆ ಅರ್ಥವಾಗಲೆಂದು ಮೊದಲು ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನೋವಾದವಳಂತೆ ಮುಖ ಕಿವುಚಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ, ತುಟಿ ಬಿಗಿದು, ನನ್ನನ್ನೇ ಸುಡುವ ಹಾಗೆ ದಿಟ್ಟಿಸಿದಳು. ನನಗೆ ಏನೂ ತಿಳಿಯಲಿಲ್ಲ. ತಿರುಗಿ ನಂಜಮ್ಮನ ಮುಖ ನೋಡಿದೆ.

“ಅವರ ಮಾತ್ನಲ್ಲಿ ಅದು ಹೊಗಳಿಕೆ ಅಲ್ಲ ಕಣಕ್ಕ. ಕಣ್ಣಿಗೆ ನೋವಾಗೋ ಬೆಳಕು. ದುರುಗುಟ್ಕೊಂಡು ನೋಡೋದ್ಕೂ ಅದೇ ಮಾತು,” ಅಂದಳು. ಆಮೇಲೆ ಮೆಲ್ಲಗೆ, “ನೀನು ಬಂದಾಗ್ನಿಂದ ನನ್ನ ನೋಡ್ತಿದ್ದೀಯಲ್ಲ, ಅಂಗೆ.”

ನನ್ನ ಮುಖ ಕೆಂಪಾಯಿತು. ಬಾಯಿ ತೆಗೆಯಬೇಡ ಎಂದಿದ್ದೆನಲ್ಲ. ದೊರೆಸಾನಿಗೆ ಅವಳು ಒಂದು ಮಾತೂ ಆಡಿರಲಿಲ್ಲ, ನನ್ನ ಅಪ್ಪಣೆಗಾಗಿ ಕಾದು ನಿಂತಿದ್ದಳು. “ಯೋಳು, ಅದೇನ್ ಯೋಳ್ತೀಯೋ,” ಅಂದೆ.

ಅವಳು ಸರವನ್ನು ಕಿಟಕಿಯ ಬಿಸಿಲಿನಿಂದ ಸರಿಸಿ, ದೊರೆಸಾನಿಯ ನೆರಳು ಬೀಳುವ ಕಡೆ ಹಿಡಿದಳು. ಗುಂಡುಗಳು ಒಳಗಿನಿಂದ ಕಾವು ತುಂಬಿಕೊಂಡ ಹಾಗೆ ಕೆಂಪಗೆ ಕಂಡವು. “ಗ್ಲೋ,” ಅಂದಳು. ಅದೊಂದೇ ಮಾತು. ದೊರೆಸಾನಿಯ ಮುಖ ಅರಳಿತು. ಇದು ತನ್ನ ಭಾವನ ಕೈಕೆಲಸ, ತನ್ನ ಗಂಡನದಲ್ಲ ಎಂದೂ ನಂಜಮ್ಮನೇ ಬಿಡಿಸಿ ಹೇಳಿದಳು.

ನಮ್ಮವರು ಬೇರೆ ಅಗ್ಗಿಷ್ಟಿಕೆ ಹಾಕಿದರು. ತಾಯಿ ದೊಡ್ಡವಳು. ಆದರೆ ನನ್ನ ಗಂಡನ ಕೆಲಸಕ್ಕೆ ಸರಿಯಾದ ಹೆಸರು ಇಟ್ಟವಳು ನಾನಲ್ಲ. ಅವಳು ಕೆಟ್ಟವಳಾಗಿದ್ದರೆ ನನ್ನ ಹೊಟ್ಟೆಯುರಿಗೆ ಒಂದು ನೆಪವಾದರೂ ಇರುತ್ತಿತ್ತು.

ಕಾರ್ತಿಕದಲ್ಲಿ ಹೊಣಕೆರೆಗೆ ಬಂದಿದ್ದೆ, ಊರಿನವರು ನೀವೆಲ್ಲ ಕಂಡಿರಿ. ಕಾಳಮ್ಮನ ಗುಡಿಯಲ್ಲಿ ದೀಪ ಹಚ್ಚಿದ ಹೊತ್ತಿನಲ್ಲಿ ನನ್ನ ಬಾಯಿಂದ “ಗ್ಲಿಮ್ಮರ್” ಅಂತ ಬಂದುಬಿಟ್ಟಿತು. ಪಕ್ಕದಲ್ಲಿದ್ದ ಚಿಕ್ಕವ್ವ, “ಏನವ್ವಾ, ಗಾಳಿಗೀಳಿ ಮೆಟ್ಕೊಂತಾ?” ಅಂತ ಹಣೆಗೆ ವಿಭೂತಿ ಇಟ್ಟಳು. ನನಗೆ ನಗು ಬಂತು. ಯಾರ ಜೊತೆ ನಗಲಿ? ಮುದ್ದೆ ಇತ್ತು, ಹಟ್ಟಿ ಇತ್ತು, ದಾರಿಯಲ್ಲಿ ಹೋಗುವವರೆಲ್ಲ ಮಾತಾಡಿಸುತ್ತಿದ್ದರು. ಆ ನಗು ತಿಳಿಯುವವಳು ಮಾತ್ರ ಹೊಳೆಯಾಚೆ ಗಂಜಾಮಿನಲ್ಲಿ, ತನ್ನ ಒಲೆಯ ಮುಂದೆ ಕೂತಿದ್ದಳು. ಅವಳು ನನ್ನ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು.

ನನ್ನ ಊರಿನಲ್ಲಿ, ನನ್ನ ತಾಯಿ ಕಾಳಮ್ಮನ ಎದುರಲ್ಲೂ ಹಾಗನ್ನಿಸುವಂತೆ ಮಾಡಿದಳಲ್ಲ, ಅದಕ್ಕೂ ಅವಳ ಮೇಲೆ ಉರಿದುಹೋಯಿತು.