ಕೂತಲ್ಲೇ ಎರಡು ಕಿಲೋಮೀಟರ್

ನಾನು ಹುಟ್ಟಾ ಅನುಮಾನದವಳು. ಮೀನಿನ ತಕ್ಕಡಿ, ಎಕ್ಸ್‌ಪ್ರೆಸ್ ಎಂದು ಬೋರ್ಡು ಹಾಕಿಕೊಂಡು ಹೆಜಮಾಡಿಯಿಂದ ಉಡುಪಿಯವರೆಗೆ ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು, 'ಇಗೋ ಹೊರಟೆ' ಎಂದು ಫೋನಿನಲ್ಲಿ ಹೇಳುವ ಗಂಡ, ಇವುಗಳಲ್ಲಿ ಯಾವುದನ್ನೂ ಪೂರ್ತಿ ನಂಬಿದವಳಲ್ಲ. ಅಂಥವಳು ಐವತ್ತು ದಾಟಿದ ಮೇಲೆ ಕೈಗೆ ಕಟ್ಟಿಕೊಂಡ ಒಂದು ಕಪ್ಪು ವಾಚನ್ನು ತಿಂಗಳುಗಟ್ಟಲೆ ಕಣ್ಣುಮುಚ್ಚಿ ನಂಬಿದೆ. ಕಾರಣ ಇಷ್ಟೇ, ಅದು ನನ್ನನ್ನು ಹೊಗಳುತ್ತಿತ್ತು.

ಬೆಳಿಗ್ಗೆ ಕಡಿಯಾಳಿಯ ನಮ್ಮ ಮನೆಯಿಂದ ಹೊರಟು, ಮಣಿಪಾಲದ ಏರು ಹತ್ತಿ, ಅಲ್ಲಿ ಒಂದು ಸುತ್ತು ಹಾಕಿ ಇಳಿದು ಬರುವಷ್ಟರಲ್ಲಿ ಅದು ಹತ್ತು ಕಿಲೋಮೀಟರ್ ಎಂದು ತೋರಿಸಿ ಪುಟ್ಟದೊಂದು ಪಟಾಕಿಯ ಚಿತ್ರ ಹಾರಿಸುತ್ತಿತ್ತು. ಮನೆಯಲ್ಲಿ ನನ್ನ ಯಾವ ಕೆಲಸಕ್ಕೂ ಯಾರೂ ಪಟಾಕಿ ಹಾರಿಸಿದ್ದಿಲ್ಲ. ಉಬ್ಬಿಹೋದೆ. ಕಾಪುವಿನ ಕಡಲ ತೀರದಲ್ಲಿ ನಡೆಯಲಿದ್ದ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟು, ಆಫೀಸಿನವರಿಂದ ಹಿಡಿದು ಕಾರ್ಕಳದ ಅಕ್ಕನವರೆಗೆ ಎಲ್ಲರಿಗೂ ಸಾರಿಬಿಟ್ಟೆ.

ಮೊದಲ ಕಲ್ಲು ಎಸೆದವರು ಸಿಸಿಲಿಯಾ ಬಾಯಿ. ಕುವೈಟಿನಿಂದ ಮರಳಿ ಬಂದು ನಮ್ಮ ಪಕ್ಕದಲ್ಲೇ ಮನೆ ಕಟ್ಟಿಕೊಂಡವರು, ನನ್ನ ಜೊತೆ ಓಡುವವರು. ಒಂದೇ ರಸ್ತೆ, ಒಂದೇ ಏದುಸಿರು, ಆದರೆ ಅವರ ವಾಚಿನಲ್ಲಿ ಬರೀ ಎಂಟು.

"ನಿಮ್ಮದು ನಿಮ್ಮ ಸಮಾಧಾನಕ್ಕೆ ಎಂತದೋ ಹೇಳ್ತದೆ ಅಲ್ವಾ?" ಎಂದರು ಬಾಯಿ.

"ನಿಮ್ಮದು ಕುವೈಟಿನ ಸಮತಟ್ಟಿನಲ್ಲಿ ಬೆಳೆದದ್ದು ಬಾಯಿ, ನಮ್ಮ ಏರು ಅದಕ್ಕೆಲ್ಲಿ ಗೊತ್ತಾಗಬೇಕು?" ಎಂದೆ.

ಹಾಗೆ ಹೇಳಿದ್ದೇನೋ ಸರಿ, ಆದರೆ ಅನುಮಾನದ ಹುಳ ಒಳಗೆ ಹೊಕ್ಕಿತು. ವಿಚಾರಿಸಿ ನೋಡಿದೆ. ಅವರದು ಆಕಾಶದ ಉಪಗ್ರಹ ನೋಡಿ ದೂರ ಹೇಳುವ ಜಾತಿ. ಎತ್ತರದ ಕಟ್ಟಡಗಳ ನಡುವೆ ಅದಕ್ಕೂ ದಾರಿ ತಪ್ಪುತ್ತದೆ. ಒಮ್ಮೆ ಬಾಯಿ ಮಣಿಪಾಲದ ಹಾಸ್ಟೆಲೊಂದರ ಮಾಡಿನ ಮೇಲೆಯೇ ಓಡಿಹೋದಂತೆ ಅದು ಗೆರೆ ಎಳೆದಿತ್ತು. ನನ್ನದು ಅಗ್ಗದ ಮಾಲು, ಆಕಾಶ ನೋಡುವ ಗೋಜಿಗೇ ಹೋಗುವುದಿಲ್ಲ. ಕೈ ಎಷ್ಟು ಬೀಸಿತು ಎಂದು ನೋಡಿ, ಅಷ್ಟು ಹೆಜ್ಜೆ, ಅಷ್ಟು ದೂರ ಎಂದು ಅಂದಾಜಿಸುತ್ತದೆ. ಮಳೆ ಬಂದ ದಿನ ಕೊಡೆ ಹಿಡಿದು ಹೋದರೆ ಅದೇ ರಸ್ತೆ ಅರ್ಧವಾಗುತ್ತಿದ್ದುದು ಏಕೆಂದು ಆಗ ತಿಳಿಯಿತು. ನಮ್ಮ ಹಿರಿಯರು ದೂರವನ್ನು ಕೂಗಳತೆ ಎನ್ನುತ್ತಿದ್ದರು. ಅದೂ ಕೂಗುವವನ ಗಂಟಲನ್ನು ನಂಬಿದ ಲೆಕ್ಕವೇ, ಆದರೆ ಗಂಟಲು ಯಾರದೆಂದಾದರೂ ಗೊತ್ತಿರುತ್ತಿತ್ತು.

ಇಷ್ಟಾದರೂ ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೊಗಳುವವರನ್ನು ಅಷ್ಟು ಬೇಗ ಮನೆಯಿಂದ ಹೊರಗೆ ಹಾಕುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ?

ಕುತ್ತು ಬಂದದ್ದು ಅತ್ತೆಯ ಕಡೆಯಿಂದ. ಅತ್ತೆ ಮಲ್ಲಿಗೆಗೆ ಹೆಸರಾದ ಶಂಕರಪುರದ ಮಗಳು. ಹೂ ಕಟ್ಟದೆ ಅವರ ಬೆರಳುಗಳಿಗೆ ಬೆಳಗಾಗುವುದಿಲ್ಲ. ತಾರಸಿಯ ಕುಂಡಗಳಿಂದ ನಾನು ಮೊಗ್ಗು ಕೊಯ್ದು ತಂದುಕೊಟ್ಟರೆ, ಬಾಳೆನಾರು ಹಿಡಿದು ಚಕಚಕನೆ ಕಟ್ಟಿ ಚೆಂಡು ಮಾಡಿಬಿಡುತ್ತಾರೆ. ಆದರೆ ಅಂಗಳದಲ್ಲಿ ಜಾರಿ ಬಿದ್ದು ಮೊಣಕಾಲಿನ ಆಪರೇಷನ್ ಆದಮೇಲೆ ಗೇಟು ದಾಟಿಲ್ಲ. ದಿನಾ ಒಂದು ಕಿಲೋಮೀಟರ್ ನಡೆಯದಿದ್ದರೆ ಕಾಲು ಮಡಚಲಾರದೆ ಮಂಚವೇ ಗತಿಯಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತೆಗೆ ದಿನಕ್ಕೊಂದು ನೆಪ.

ಒಂದು ದಿನ ನಾನು ಓಡಿ ಬಂದು ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ವಾಚನ್ನು ಅವರು ಕುತೂಹಲಕ್ಕೆ ಕಟ್ಟಿಕೊಂಡು ಹೂ ಕಟ್ಟಿದ್ದಾರೆ. ನಾನು ಹೊರಗೆ ಬಂದಾಗ ಮತ್ತೆ ಪಟಾಕಿ ಹಾರುತ್ತಿತ್ತು.

"ನೋಡು ಮಾರಾಯ್ತಿ, ನಿನ್ನ ಹತ್ತರ ಮೇಲೆ ನನ್ನದು ಎರಡು ಕಿಲೋಮೀಟರ್! ಡಾಕ್ಟ್ರು ಹೇಳಿದ್ದು ಒಂದೇ. ಇನ್ನು ನನಗೆ ನಡಿ ನಡಿ ಅಂತ ಹೇಳ್ಲಿಕ್ಕಿಲ್ಲ."

"ಅತ್ತೆ, ನೀವು ಕೂತಲ್ಲಿಂದ ಎದ್ದಿಲ್ಲ. ಅದು ಸುಳ್ಳು."

"ಸುಳ್ಳಾ? ಹಾಗಾದ್ರೆ ನಿನ್ನ ಹತ್ತು ಎಂತದು?"

ನನ್ನ ಹತ್ತು ಉಳಿಯಬೇಕಾದರೆ ಅತ್ತೆಯ ಎರಡನ್ನೂ ಒಪ್ಪಬೇಕು. ಒಪ್ಪಿದರೆ ಅತ್ತೆ ಇನ್ನೆಂದೂ ಗೇಟು ದಾಟುವುದಿಲ್ಲ. ಕಾಪು, ಆಫೀಸು, ಕಾರ್ಕಳದ ಅಕ್ಕನ ನಗು, ಎಲ್ಲವೂ ಕಣ್ಣಮುಂದೆ ಬಂದು ಹೋದವು.

"ನನ್ನದೂ ಸುಳ್ಳೇ ಅತ್ತೆ," ಎಂದೆ. "ಹತ್ತು ನಾನು ಯಾವತ್ತೂ ಓಡಿಲ್ಲ. ಎಂಟು ಓಡಿರಬಹುದು, ಅದೂ ಸಿಸಿಲಿಯಾ ಬಾಯಿಯ ವಾಚಿನ ಲೆಕ್ಕದಲ್ಲಿ."

ಅತ್ತೆ ನಗುತ್ತಾರೆಂದುಕೊಂಡೆ. ನಗಲಿಲ್ಲ. ವಾಚು ಬಿಚ್ಚಿ, ಹೂವಿನ ಬುಟ್ಟಿ ಪಕ್ಕಕ್ಕೆ ಸರಿಸಿ, "ಚಪ್ಪಲಿ ಎಲ್ಲುಂಟು?" ಎಂದರು.

ಕಡಿಯಾಳಿಯ ದೇವಿಯ ದೇವಸ್ಥಾನದ ದಾರಿ ಹಿಡಿದೆವು. ಇಬ್ಬರ ಕೈಯಲ್ಲೂ ವಾಚಿರಲಿಲ್ಲ. ಅತ್ತೆ ನನ್ನ ತೋಳು ಹಿಡಿದು ಎರಡು ಹೆಜ್ಜೆ ಇಡುವುದು, ನಿಲ್ಲುವುದು, ಯಾರದೋ ಹೊಸ ಗೇಟಿಗೆ ಬಣ್ಣ ಚೆನ್ನಾಗಿಲ್ಲ ಎನ್ನುವುದು. ನಾನು ದಿನವೂ ಓಡುವ ರಸ್ತೆಯಲ್ಲಿ ಆ ಗೇಟು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಅರ್ಧ ದಾರಿಗೆ ಸುಸ್ತಾಗಿ ಒಂದು ಅಂಗಡಿಯ ಬೆಂಚಿನಲ್ಲಿ ಕೂತು, "ಸಾಕು, ದೇವಿಯನ್ನು ನಾಳೆ ನೋಡುವ" ಎಂದರು. ವಾಪಸು ಬರುವಾಗ ನೋಡುತ್ತೇನೆ, ತೋಳು ಬಿಟ್ಟಿದ್ದಾರೆ, ನನ್ನೊಡನೆ ಸರಿಸಮ ನಡೆಯುತ್ತಿದ್ದಾರೆ, ಬಾಯಿ ತುಂಬಾ ಮಾತು.

ಹುಟ್ಟಾ ಅನುಮಾನದವಳಲ್ಲವೇ, ಕೇಳಿಯೇ ಬಿಟ್ಟೆ. "ಅತ್ತೆ, ಇಷ್ಟು ದಿನ ಕಾಲು ನೋವು ಅಂತ ಹೇಳಿದ್ದು ನಿಜವಾ?"

"ನೋವು ಉಂಟು," ಎಂದರು ಅತ್ತೆ. "ಆದ್ರೆ ಮನೆಯಲ್ಲಿ ಎಲ್ಲರೂ ಓಡುವವರೇ. ನನ್ನ ಜೊತೆ ನಡೆಯುವವರು ಒಬ್ಬರಾದ್ರೂ ಬೇಡವಾ?"